ಕೆರೆಗೊಂದು ಇಪ್ಪತ್ತು ವರ್ಷದ ಯೋಜನೆ

ದೂರಾಲೋಚನೆ ಮಾಡುವವರು ಎಲ್ಲಿಗೇ ಹೋಗಲಿ, ಎಡವಟ್ಟು ಹಿಂದಿನ ಬಸ್ಸು ಹಿಡಿದು ಬಂದೇ ಬರುತ್ತದೆ. ಹಿಮ ಕಟ್ಟಿದ ಸರೋವರ, ಮೊಸಳೆ ಮಲಗಿದ ಸರೋವರ, ಹೀಗೆ ದೇಶದೇಶಗಳ ನೀರನ್ನು ಶೀಶೆಯಲ್ಲಿ ತುಂಬಿಕೊಂಡು ತಿರುಗಿದವಳು ನಾನು. ಒಂದೂರಲ್ಲಿ ನೆಟ್ಟಗೆ ಎರಡು ವರ್ಷ ನಿಂತವಳಲ್ಲ. ಅಂಥವಳು ಎಂಬತ್ತರ ದಶಕದ ಕೊನೆಯಲ್ಲಿ ವಿಶ್ವವಿದ್ಯಾಲಯವೊಂದರ ಸಣ್ಣ ತಂಡಕ್ಕೆ ಸೇರಿಕೊಂಡೆ. ಕೆರೆಯ ಗಿಡ, ಮೀನು, ಹುಳುಹುಪ್ಪಟೆಗಳ ಅಧ್ಯಯನ ನಮ್ಮ ಕೆಲಸ. ನಮ್ಮ ಪ್ರೊಫೆಸರರಿಗೆ ಒಂದೇ ಕನಸು: ಜಂಗಮಕೋಟೆ ಕಡೆಯ ಒಂದು ಕೆರೆಯನ್ನು ಅದರ ಪಾಡಿಗೆ ಬಿಟ್ಟು, ಇಪ್ಪತ್ತು ವರ್ಷ ತಿಂಗಳು ತಿಂಗಳೂ ನೋಡುತ್ತ ಹೋಗುವುದು. ಅನುದಾನ ಕೊಡುವ ಸಮಿತಿ ಮಾತ್ರ ಹುಷಾರಾಗಿತ್ತು. "ಮೂರು ವರ್ಷ ಮಾಡಿ. ಬಂದು ನೋಡ್ತೀವಿ. ಒಪ್ಪಿಗೆಯಾದ್ರೆ ಇಪ್ಪತ್ತು, ಇಲ್ಲದಿದ್ರೆ ನಿಮ್ಮ ತಂಡಕ್ಕೆ ಬೀಗ" ಅಂದಿತ್ತು.

ಗೋಡೆ ಸಾಲದ ಚಾರ್ಟು

ಯೋಜನೆಯ ಚಾರ್ಟು ಬರೆದದ್ದೇ ಒಂದು ದೊಡ್ಡ ಕೆಲಸವಾಯಿತು. ವರ್ಷಕ್ಕೊಂದು ಬಣ್ಣ. ಗೋಡೆ ಮುಗಿದರೂ ವರ್ಷ ಮುಗಿಯದೆ, ಕೊನೆಯ ಎರಡು ವರ್ಷಗಳು ಮೂಲೆ ತಿರುಗಿ ಬೀರುವಿನ ಹಿಂದಕ್ಕೆ ಹೋದವು.

ಇಲಾಖೆಯ ಗುಮಾಸ್ತರು ಕನ್ನಡಕ ಏರಿಸಿಕೊಂಡು ಓದಿದರು. "ಸಾರ್, ನಿಮಗೆ ರಿಟೈರ್ಮೆಂಟ್ ಹತ್ರ ಬಂತು. ಬೀರು ಹಿಂದೆ ಕೂಡ ನಿಮ್ಮ ಹೆಸರೇ ಇದೆಯಲ್ಲ?"

"ಕೆರೆ ರಿಟೈರ್ ಆಗಲ್ವಲ್ಲ" ಎಂದರು ಪ್ರೊಫೆಸರರು.

ಹದಿನೆಂಟನೇ ವರ್ಷದ ಚೌಕದಲ್ಲಿ 'ಹೊಸ ದೋಣಿ' ಎಂದು ಹಸಿರು ಶಾಯಿಯಲ್ಲಿ ಬರೆದೆವು. ಬರೆದು ಮುಗಿಸಿ, ಕೆರೆಗೆ ಹೋಗಲು ಖಾಸಗಿ ಬಸ್ಸಿಗಾಗಿ ರಸ್ತೆಯಲ್ಲಿ ನಿಂತೆವು. ಇಲಾಖೆಯ ಜೀಪಿಗೆ ಟೈರಿರಲಿಲ್ಲ.

ಜರಿ ಅಂಚಿನ ಬಲೆ

ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ಹಿಡಿಯಲು ನನ್ನ ಹತ್ತಿರ ನಯವಾದ ರೇಷ್ಮೆ ಬಟ್ಟೆಯ ಬಲೆಯಿತ್ತು, ಪರದೇಶದಿಂದ ತಂದದ್ದು. ಬಸ್ಸಿನಲ್ಲಿ ಯಾರದೋ ಕೋಳಿಬುಟ್ಟಿಗೆ ಸಿಕ್ಕಿ ಪರ್ರೆಂದು ಹರಿಯಿತು. ಶಿಡ್ಲಘಟ್ಟದಲ್ಲಿ ಇಳಿದು, ರೇಷ್ಮೆ ನೂಲು ತೆಗೆಯುವ ಪರಿಚಯದವರೊಬ್ಬರ ಮನೆಗೆ ಹೋದೆ. ಅವರ ತಾಯಿಯ ಕೈ ಹೊಲಿಗೆಗೆ ಊರಲ್ಲೆಲ್ಲ ಹೆಸರು. ಕೊಟ್ಟು ಬಂದೆ.

ಮುಂದಿನ ವಾರ ಹೋದರೆ ಬಲೆ ಗುರುತೇ ಸಿಗಲಿಲ್ಲ. ಬಾಯಿಯ ಸುತ್ತ ಜರಿ ಅಂಚು ಮಿನುಗುತ್ತಿತ್ತು.

"ಇಷ್ಟು ಒಳ್ಳೆ ರೇಶಮ್, ಅಂಚಿಲ್ದೆ ಬಿಡೋಕೆ ಮನಸ್ಸು ಬರ್ಲಿಲ್ಲ ಬೇಟಿ" ಎಂದರು ಆ ತಾಯಿ. "ಇದನ್ನ ಏನು ಮಾಡ್ತೀಯ?"

"ಕೆರೇಲಿ ಮುಳುಗಿಸಿ ಹುಳ ಹಿಡೀತೀನಿ ಅಮ್ಮಾ."

ಅವರು ಬಲೆಯನ್ನೂ ನನ್ನನ್ನೂ ಒಂದು ಸಲ ನೋಡಿದರು. "ನಾವು ಹುಳ ಸಾಕಿ ರೇಶಮ್ ತೆಗೀತೀವಿ. ನೀವು ರೇಶಮ್ ಹಾಕಿ ಹುಳ ತೆಗೀತೀರ. ನಿಮ್ಮ ಪ್ರೊಫೆಸರ್‌ಗೆ ಹೇಳು ಬೇಟಿ, ವ್ಯಾಪಾರ ಉಲ್ಟಾ ನಡೀತಾ ಇದೆ ಅಂತ."

ಏರಿಯ ಮೇಲಿನ ಅನುಕಂಪ

ಕೆರೆಯಲ್ಲಿ ನನ್ನ ಕೆಲಸ ಹೀಗೆ: ಬಿದಿರು ಗಳ ನೆಟ್ಟು ಗುರುತು ಮಾಡಿದ ಜಾಗದಿಂದ ತಿಂಗಳಿಗೊಂದು ಹಿಡಿ ಜೊಂಡು ಕಿತ್ತು, ತೂಗಿ, ಚೀಲಕ್ಕೆ ಹಾಕಿಕೊಂಡು ಬರುವುದು. ಮಂಡಿಯವರೆಗೆ ಕೆಸರು. ಏರಿಯ ಮೇಲೆ ಎಮ್ಮೆ ಮೇಯಿಸುವ ಅಜ್ಜಿಯೊಬ್ಬರು ಬಹಳ ದಿನ ನೋಡಿ ನೋಡಿ, ಒಂದು ದಿನ ಕೇಳಿಯೇಬಿಟ್ಟರು.

"ಎಷ್ಟು ದಿನ ಹಿಂಗೆ ಕೀಳ್ಬೇಕಮ್ಮಾ?"

"ಇಪ್ಪತ್ತು ವರ್ಷ ಅಜ್ಜಿ."

ಅಜ್ಜಿ ಪಕ್ಕದವರ ಕಡೆ ತಿರುಗಿ "ಅಯ್ಯೋ ಪಾಪಮು" ಎಂದು ತೆಲುಗಿನಲ್ಲಿ ಮರುಗಿದರು. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು, "ಓದ್ದೋಳ ಥರ ಕಾಣ್ತೀಯ. ಅಂಥಾದ್ದೇನು ತಪ್ಪು ಮಾಡಿದ್ಯಮ್ಮಾ, ಇಷ್ಟು ದೊಡ್ಡ ಶಿಕ್ಷೆ ಹಾಕವ್ರೆ?"

ಸಮಿತಿ ಬಂದ ದಿನ

ಮೂರು ವರ್ಷ ತುಂಬಿತು. ಸಮಿತಿಯವರು ಬರುವ ದಿನ ಗೊತ್ತಾಯಿತು. ನಾನು ಊರ ಯಜಮಾನರ ಹತ್ತಿರ ಹೋಗಿ, "ದೊಡ್ಡೋರು ಕೆರೆ ನೋಡಕ್ಕೆ ಬರ್ತಾರೆ. ಅವರು ಒಪ್ಪದಿದ್ರೆ ನಮ್ಮ ಕೆಲಸ ಅಲ್ಲಿಗೆ ಮುಗೀತು. ಸ್ವಲ್ಪ ನೋಡ್ಕೊಳ್ಳಿ ಯಜಮಾನ್ರೆ" ಎಂದೆ. ಅಂದು ಬೆಳಗ್ಗೆ ಎಮ್ಮೆ ನೀರಿಗೆ ಬಿಡಬೇಡಿ ಅನ್ನುವುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

"ಅದನ್ನ ನಮಗೆ ಬಿಡಿ ಮೇಡಂ" ಎಂದರು.

ಸಮಿತಿಯ ಕಾರಿನ ಹಿಂದೆ ಬಾಡಿಗೆ ಕಾರಿನಲ್ಲಿ ಹೋಗಿ ಇಳಿದೆವು. ಏರಿಗೆ ಮಾವಿನ ತೋರಣ. ಅದರಾಚೆ ಕೆರೆ, ಒರೆಸಿಟ್ಟ ಕನ್ನಡಿಯ ಹಾಗೆ. ಜೊಂಡಿಲ್ಲ, ನೈದಿಲೆಯಿಲ್ಲ, ನಮ್ಮ ಬಿದಿರು ಗಳಗಳೂ ಇಲ್ಲ. ಮೂರು ವರ್ಷದ ಅಧ್ಯಯನವೆಲ್ಲ ದಂಡೆಯ ಮೇಲೆ ಬಣವೆಯಾಗಿ ಬಿದ್ದಿತ್ತು. ಅಜ್ಜಿಯ ಎಮ್ಮೆ ಅದನ್ನು ಸಾವಕಾಶವಾಗಿ ಮೇಯುತ್ತಿತ್ತು.

ಯಜಮಾನರು ಕೈಮುಗಿದು ಮುಂದೆ ಬಂದರು. "ಈಯಮ್ಮ ತಿಂಗಳಿಗೊಂದು ಹಿಡಿ ಕಿತ್ಕೊಂಡು ಹೋಗ್ತಿದ್ರು ಸ್ವಾಮಿ. ಹಂಗೆ ಮಾಡಿದ್ರೆ ಇಪ್ಪತ್ತು ವರ್ಷ ಆಯ್ತದೆ ಅಂತ ಅವರೇ ಹೇಳವ್ರೆ. ಹೆಣ್ಮಗಳು ಕಷ್ಟ ಪಡೋದು ನೋಡಕ್ಕಾಗ್ಲಿಲ್ಲ. ಊರೆಲ್ಲ ಇಳಿದು ಒಂದೇ ದಿನಕ್ಕೆ ಮುಗಿಸ್ಬಿಟ್ವಿ."

ಪ್ರೊಫೆಸರರು ತೂಬಿನ ಕಲ್ಲಿನ ಮೇಲೆ ಕುಳಿತೇಬಿಟ್ಟರು. ಸಮಿತಿಯ ಅಧ್ಯಕ್ಷರು ಕೆರೆಯನ್ನೂ ಎಮ್ಮೆಯನ್ನೂ ನೋಡಿ, "ನೀವು ಇಪ್ಪತ್ತು ವರ್ಷ ನೋಡ್ಬೇಕು ಅಂದಿದ್ದು ಏನನ್ನ?" ಎಂದು ಕೇಳಿದರು.

ಮೇಲೆದ್ದ ಪ್ರೊಫೆಸರರ ಮುಖದಲ್ಲಿ, ನಾನು ಯಾವ ದೇಶದಲ್ಲೂ ಕಾಣದ ಧೈರ್ಯವಿತ್ತು. "ಬೋಳಾದ ಕೆರೇಲಿ ಗಿಡ ತಾನಾಗಿ ಹೇಗೆ ವಾಪಸ್ ಬರುತ್ತೆ ಅನ್ನೋದನ್ನ ಸಾರ್. ಇವತ್ತು ಮೊದಲ್ನೇ ದಿನ."

ಅಧ್ಯಕ್ಷರು ಎಳನೀರು ಕುಡಿದು, ಜನರ ಇಂಥ ಸಹಕಾರ ತಾವು ಎಲ್ಲಿಯೂ ಕಂಡಿಲ್ಲವೆಂದು ಹೊಗಳಿ, ಇಪ್ಪತ್ತು ವರ್ಷಕ್ಕೂ ಅಲ್ಲೇ ಒಪ್ಪಿಗೆ ಕೊಟ್ಟರು. ತಂಡ ಉಳಿಯಿತು.

ಮುಂದಿನ ತಿಂಗಳು ಹೊಸ ಗಳ ಹೊತ್ತುಕೊಂಡು ಹೋದೆವು. ಯಜಮಾನರು ಏರಿಯ ಮೇಲೆ ಕಾಯುತ್ತ ನಿಂತಿದ್ದರು. ಕೈಯಲ್ಲಿ ನೀರು ತೊಟ್ಟಿಕ್ಕುವ ಎಳೆಯ ಜೊಂಡು.

"ಇನ್ಮೇಲೆ ನೀವು ಚಿಂತೆ ಮಾಡ್ಬೇಡಿ ಮೇಡಂ" ಎಂದರು. "ಇದೊಂದು ಬೆಳಗ್ಗೆ ತಲೆ ಎತ್ತಿತ್ತು, ಕಿತ್ತಾಕ್ದೆ. ಇಪ್ಪತ್ತು ವರ್ಷ ಅಲ್ವಾ, ಆಗ್ಲಿ. ಸರದಿ ಮೇಲೆ ಕಾಯ್ತೀವಿ ಅಂತ ಊರವರೆಲ್ಲ ಮಾತಾಡ್ಕೊಂಡಿದೀವಿ."