ಬಲಮೂಲೆಯ ಹಸಿರು ಬಟನ್

“ಅಕ್ಕಾ, ಇನ್ಮೇಲೆ ನೀನು ಬಟನ್ ಹುಡುಕೋದೇ ಬೇಡ. ಬಟನ್ನೇ ನಿನ್ನ ಹುಡುಕ್ಕೊಂಡು ಬರುತ್ತೆ!” ಎಂದು ನನ್ನ ತಮ್ಮ ಫಾಲಾಕ್ಷ ಎದೆಯುಬ್ಬಿಸಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಎರಡು ತಿಂಗಳು ಮುಂದಕ್ಕೆ ಮಗುಚಿತು.

ತುಮಕೂರಿನಲ್ಲಿ ನನ್ನಷ್ಟು ವೇಗವಾಗಿ ಪ್ರೋಗ್ರಾಂ ಬರೆಯುವವರಿಲ್ಲ. ನಾನು ಟೈಪ್ ಮಾಡುವ ಗಾಳಿಗೆ ಎದುರುಮನೆಯವರ ಬಟ್ಟೆ ಒಣಗುತ್ತದೆ! ನಮ್ಮ ಬೀದಿಯ ನೀರಿನ ಟ್ಯಾಂಕ್ ತೆರೆಯುವುದೂ ನನ್ನ ಪ್ರೋಗ್ರಾಮೇ. ಅದನ್ನು ಬರೆಯುವ ಸಾಫ್ಟ್‌ವೇರ್ ಮಾತ್ರ ಫಾಲಾಕ್ಷನದು. ಪ್ರೋಗ್ರಾಂ ಓಡಿಸುವ ಹಸಿರು ಬಟನ್ ಹನ್ನೊಂದು ವರ್ಷದಿಂದ ಪರದೆಯ ಬಲಮೂಲೆಯಲ್ಲಿದೆ.

“ಅದನ್ನ ಮುಟ್ಟಿದರೆ ನೋಡು!”

“ಬರೀ ಬೀಟಾ ಕಣಕ್ಕ, ಪರೀಕ್ಷೆಗೆ! ನೀನು ನೋಡಿದ ಕಡೆ ಬಟನ್ ಬರುತ್ತೆ. ಒಂದು ಗಂಟೆ ಯಾರೂ ಮುಟ್ಟದಿದ್ದರೆ ಒಳಗೆ ಹೋಗುತ್ತೆ. ಮನೆ ಸಾಮಾನಿಗೂ ಇದೇ ನಿಯಮ!” ಎಂದು ಸೂರಿಗೆ ಜೋಡಿಸಿದ್ದ ಆರು ಕೈಗಳ ಯಂತ್ರ ತೋರಿಸಿದ. “ಬೇಡ ಅನ್ನಿಸಿದರೆ ‘ಹಳೆಯದೇ ಇರಲಿ’ ಅಂತ ಒಂದು ಬಟನ್ ಇದೆ.”

“ಹಳೆಯದೇ ಇರಲಿ!” ಎಂದೆ. ಅಷ್ಟರಲ್ಲಿ ಚಾಲೂ ಮಾಡಿಬಿಟ್ಟಿದ್ದ.

ಅವನೇ ಪರದೆಯ ಮುಂದೆ ಕೂತು ಬಟನ್‌ಗಳನ್ನು ಒತ್ತಿ ಒತ್ತಿ ನೋಡುವುದರಲ್ಲೇ ಗಂಟೆ ಕಳೆಯಿತು. ಅಡುಗೆಮನೆಯಿಂದ ಅವನ ಹೆಂಡತಿ ಕುಮುದಾ ಕೂಗಿದಳು. “ರೀ, ಇಡ್ಲಿ ಹಿಟ್ಟಿನ ಪಾತ್ರೆ ಎಲ್ರೀ?”

“ಯಾರೂ ಮುಟ್ಟಲಿಲ್ಲವಲ್ಲ, ಅಟ್ಟ ಸೇರಿದೆ.”

“ಹುದುಗು ಬರೋಕೆ ಇಟ್ಟ ಹಿಟ್ಟನ್ನ ಗಂಟೆಗೊಂದ್ಸಲ ಮುಟ್ತಾರೇನ್ರೀ!”

ಆಗಲೇ ಪಕ್ಕದ ಮನೆಯ ಮುಕುಂದಮ್ಮನ ಫೋನ್. ಅವರ ಮೊಮ್ಮಗಳ ನಾಮಕರಣ. “ನಲ್ಲೀಲಿ ನೀರಿಲ್ಲ ಕಣೇ! ಇನ್ನೂರು ಜನ ಪಾಯಸದ ಕೈ ಎತ್ತಿಕೊಂಡು ನಿಂತಿದಾರೆ! ಬೀಗರ ಮುಂದೆ ಮಾನ ಹೋಗುತ್ತೆ!”

ನಾನು ಹಸಿರು ಬಟನ್ ಕಡೆ ನೋಡಿದೆ. ನನ್ನ ನೋಟ ಬಿದ್ದದ್ದೇ ತಡ, ಉಳಿದ ನಲವತ್ತೆರಡು ಬಟನ್‌ಗಳೂ ಬಸ್ಸಿಗೆ ನುಗ್ಗುವಂತೆ ಅಲ್ಲಿಗೇ ನುಗ್ಗಿ ಅದನ್ನು ಮುಚ್ಚಿಬಿಟ್ಟವು! ಎಡಕ್ಕೆ ನೋಡಿದರೆ ಎಡಕ್ಕೆ, ಬಲಕ್ಕೆ ನೋಡಿದರೆ ಬಲಕ್ಕೆ!

“‘ಹಳೆಯದೇ ಇರಲಿ’ ಎಲ್ಲೋ?”

ಫಾಲಾಕ್ಷ ತಲೆ ಕೆರೆದುಕೊಂಡ. “ಯಾರೂ ಒತ್ತಲಿಲ್ಲ... ಒಳಗೆ ಹೋಗಿದೆ.”

“ಹೊರಗೆ ತೆಗಿ!”

“ತೆಗೆಯೋ ಬಟನ್ನೂ ಯಾರೂ ಒತ್ತಿರಲಿಲ್ಲಕ್ಕ.”

ನನ್ನ ಭುಜ ಹಿಡಿದು ನಿಂತಿದ್ದ ಕುಮುದಾ ಕಿರುಚಿದಳು. “ಅತ್ತಿಗೆ! ನೀವು ರೆಪ್ಪೆ ಬಡಿದಾಗ ಎಲ್ಲ ತಂತಮ್ಮ ಜಾಗಕ್ಕೆ ಹೋಗ್ತಾವೆ!”

ಬೀಟಾ ನನಗೆ ಪಾಠ ಹೇಳುವುದೇ? ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದೆ. ಹನ್ನೊಂದು ವರ್ಷದ ಅಭ್ಯಾಸದ ಬೆರಳು ತಾನಾಗಿ ಬಲಮೂಲೆಗೆ ಹೋಗಿ ಒತ್ತಿತು. ಮುಕುಂದಮ್ಮನ ನಲ್ಲಿ ಭೋರ್ಗರೆದ ಸದ್ದು ಮಧುಗಿರಿಗೂ ಕೇಳಿಸಿರಬೇಕು! ನಾನೂ ಕುಮುದಾಳೂ ತಬ್ಬಿಕೊಂಡು ಕುಣಿದೆವು.

ಫಾಲಾಕ್ಷನನ್ನು ಮಾತ್ರ ಬೆಳಗಿನಿಂದ ಯಾರೂ ಮುಟ್ಟಿರಲಿಲ್ಲ. ಆರು ಕೈಗಳು ಇಳಿದು ಬಂದು ಅವನನ್ನು ಮೆಲ್ಲಗೆ ಎತ್ತಿ, ಹಿಟ್ಟಿನ ಪಾತ್ರೆಯ ಪಕ್ಕ ಅಟ್ಟದಲ್ಲಿ ಇಟ್ಟವು.

“ಅಕ್ಕಾ, ಇಳಿಸೇ!”

ಪರದೆಯ ಮೇಲೆ ಪ್ರಶ್ನೆ ಮೂಡಿತು: ‘ಈ ಬದಲಾವಣೆ ನಿಮಗೆ ಇಷ್ಟವಾಯಿತೆ?’

ನಾನು ಕುಮುದಾಳ ಮುಖ ನೋಡಿದೆ. ಅವಳು ತಲೆಯಾಡಿಸಿದಳು. ಕಣ್ಣು ಮುಚ್ಚಿ ‘ಹೌದು’ ಒತ್ತಿದೆ.

ಮರುದಿನದ ಇಡ್ಲಿ ಹೂವಿನಂತಿತ್ತು. ಎರಡನ್ನು ಅಟ್ಟಕ್ಕೂ ಕಳಿಸಿದೆವು.