ಜಟ್ಟಪ್ಪನ ಸೀಟಿ ಹಲ್ಲು

ಸೀಟಿಯ ಬೆಲೆ ಇಪ್ಪತ್ತು ರೂಪಾಯಿ. ಆ ಸೀಟಿ ಸೊಟ್ಟ ಮಾಡಿದ ಹಲ್ಲನ್ನು ನೆಟ್ಟಗೆ ಮಾಡಿಸಲು ತಗಲಿದ್ದು ಮೂವತ್ತೈದು ಸಾವಿರ.

ಬಸ್ ಕಂಡಕ್ಟರ್ ಜಟ್ಟಪ್ಪ ಇಪ್ಪತ್ತೈದು ವರ್ಷ ಒಂದೇ ಕಡೆ ಸೀಟಿ ಕಚ್ಚಿ, ಅವನ ಮುಂದಿನ ಹಲ್ಲೊಂದು ಫುಟ್‌ಬೋರ್ಡಿಗೆ ಜೋತುಬಿದ್ದ ಪ್ರಯಾಣಿಕನಂತೆ ಹೊರಗೆ ವಾಲಿತ್ತು. ಫೋಟೊ ಎಂದರೆ ಬಾಯಿಗೆ ಟವೆಲ್ ಅಡ್ಡ. "ಅಪ್ಪಾ, ನನ್ನ ಮದುವೆ ಫೋಟೊದಲ್ಲಾದ್ರೂ ಟವೆಲ್ ಬ್ಯಾಡ" ಎಂದು ಮಗಳು ರಕ್ಷಿತಾ ಹೇಳಿದ ಮೇಲೆ ಅವನು ಶಿರಸಿಯ ಹಲ್ಲಿನ ಡಾಕ್ಟರಮ್ಮ ಪ್ರತಿಭಾ ಅವರ ಮುಂದೆ ಬಾಯಿ ತೆರೆದ.

"ಹಲ್ಲಿನ ಬುಡದ ಜೀವಕೋಶಗಳಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳು ಇರ್ತವೆ" ಎಂದರು ಡಾಕ್ಟರಮ್ಮ. "ಒತ್ತಡ ಬಿದ್ರೆ ತೆರೀತವೆ. ಒತ್ತಿದ ಕಡೆ ಮೂಳೆ ಕರಗ್ತದೆ, ಎಳೆದ ಕಡೆ ಬೆಳೀತದೆ. ಮಕ್ಕಳು ಜಗಿದು ಜಗಿದು ದವಡೆ ಬೆಳೆಸಿಕೊಳ್ಳೋದಕ್ಕೂ ಈ ಬಾಗಿಲುಗಳು ಬೇಕು."

"ಅಂದ್ರೆ ಒಳಗೂ ಒಬ್ಬ ಕಂಡಕ್ಟರ್ ಇದ್ದಾನೆ ಅನ್ನಿ" ಎಂದ ಜಟ್ಟಪ್ಪ. "ನೂಕಿದ್ರೆ ಜಾಗ ಮಾಡಿ ಕೊಡ್ತಾನೆ."

ಹಲ್ಲಿಗೆ ತಂತಿಯ ಕ್ಲಿಪ್ಪು ಇದ್ದಷ್ಟು ದಿನ ಜಟ್ಟಪ್ಪ ಡಿಪೋದ ಕೆಲಸದಲ್ಲೇ ಕೂತ. ಅದು ಬಿಚ್ಚಿದ ಮರುದಿನ, ನೆಟ್ಟಗಿನ ಹಲ್ಲು ತೋರಿಸುತ್ತ, ಮುಂಡಗೋಡದ ಬಸ್ಸು ಹತ್ತಿ ಸೀಟಿ ಊದಿದ.

ಬಸ್ಸು ಅಲುಗಲಿಲ್ಲ. ಡ್ರೈವರ್ ಅಂದಾನಪ್ಪ ಹಿಂತಿರುಗಿ, "ಜಟ್ಟಪ್ಪಾರ, ಸೀಟಿ ಹೊಡೀರಿ, ಹೊತ್ತಾತು" ಎಂದ.

"ಹೊಡೆದೆ ಮಾರಾಯ."

"ಅದು ನಿಮ್ದಾ? ಬಾಜೂ ಬಸ್ಸಿಂದು ಅಂದ್ಕೊಂಡ್ನಿರಿ."

ಸೊಟ್ಟ ಹಲ್ಲಿನ ಹಳೆಯ ಸಂದಿಯಿಂದ ಗಾಳಿ ಸೋರಿ ಅವನ ಸೀಟಿಗೆ ಒಂದು ಗೊಗ್ಗರು ದನಿ ಬರುತ್ತಿತ್ತು. ಚಿಕ್ಕಂದಿನಲ್ಲಿ ಗುಡ್ನಾಪುರದ ಕೆರೆ ಏರಿಯ ಮೇಲೆ ಮಾವಿನ ಓಟೆ ಉಜ್ಜಿ ಊದುತ್ತಿದ್ದ ಪೀಪಿಯದೇ ದನಿ. ಬಸ್ಸಿನ ಆ ಸೀಟಿ ಕೇಳಿಯೇ ದಾರಿಯ ಗದ್ದೆಯವರು ಬುತ್ತಿ ಬಿಚ್ಚುತ್ತಿದ್ದರು, ಶಾಲೆಯ ಮಕ್ಕಳು ಪಾಟಿಚೀಲ ಎತ್ತಿಕೊಂಡು ಓಡಿ ಬರುತ್ತಿದ್ದರು. ಈಗ ಊದಿದರೆ ಬರೀ ಸೀಟಿ, ಯಾರದ್ದೋ ಸೀಟಿ.

ಬಸ್ಸಿನೊಳಗೆ ಸಲಹೆಗಳು ಶುರುವಾದವು. "ನಾಲಿಗೆ ಅಡ್ಡ ಇಟ್ಕೊಂಡು ಊದು" ಎಂದರು ದಿನದ ಪ್ರಯಾಣಿಕ ವಿಘ್ನೇಶ್ವರ ಹೆಗಡೆಯವರು. ಊದಿದ, ಹೆಗಡೆಯವರ ಕನ್ನಡಕಕ್ಕೆ ಉಗುಳು ಹಾರಿತು. "ಹಲ್ಲಿಗೂ ಸೀಟಿಗೂ ನಡುವೆ ಬೆಂಕಿಕಡ್ಡಿ ಇಟ್ಕೊ" ಎಂದರು ಮತ್ತೊಬ್ಬರು. ಕಡ್ಡಿ ಸೀಟಿಯೊಳಗೆ ಸೇರಿ ದನಿಯೇ ನಿಂತಿತು, ಕೊಡವಿ ತೆಗೆಯಬೇಕಾಯಿತು.

ಎಕ್ಕಂಬಿಯಲ್ಲಿ ನಿಜವಾದ ಗ್ರಹಚಾರ ಕಾದಿತ್ತು. ಸಂತೆಗೆ ಕೋಳಿ ಒಯ್ಯುವ ದ್ಯಾವಮ್ಮ ಚಾದಂಗಡಿಯ ಒಳಗೆ ಕೂತು, ಜಟ್ಟಪ್ಪನ ಸೀಟಿ ಕೇಳಿದ ಮೇಲೇ ಏಳುವವಳು. ಬಸ್ಸು ಅವಳನ್ನು ಬಿಟ್ಟು ಹೊರಟಿತು. ಎರಡು ತಿರುವು ದಾಟುವಷ್ಟರಲ್ಲಿ ಬೈಕೊಂದು ಬಂದು ಅಡ್ಡ ನಿಂತಿತು. ಹಿಂದಿನ ಸೀಟಿನಲ್ಲಿ ದ್ಯಾವಮ್ಮ, ಅವಳ ತೋಳಿನಲ್ಲಿ ತಲೆಕೆಳಗಾಗಿ ಕೋಳಿಗಳು.

"ಸೀಟಿ ಹೊಡೀದೇ ಹೊಂಟ್ಯಲ್ಲೋ ತಮ್ಮಾ."

"ಹೊಡೆದೆ ಅಕ್ಕಾ."

"ನಿನ್ನ ಸೀಟಿ ನಂಗೆ ಗೊತ್ತಿಲ್ವಾ? ನನ್ನ ಗಂಡ ಇರೋವಾಗಿಂದ ಕೇಳ್ತಿದ್ದೇನೆ." ಅವಳು ಅವನ ಬಾಯಿ ನೋಡಿದಳು. "ಯಾರೋ ಹೊಸಬ್ರು ಬಂದ ಹಾಂಗೆ ಕಾಣ್ತದೆ."

ಸಂಜೆ ಜಟ್ಟಪ್ಪ ನೇರ ಡಾಕ್ಟರಮ್ಮನ ಹತ್ತಿರ ಹೋದ. "ಅಮ್ಮಾ, ಹಲ್ಲನ್ನ ಮೊದಲಿನ ಹಾಂಗೆ ಮಾಡಿಕೊಡಿ."

ಅವರು ರೇಗಿದರು. "ಅದಕ್ಕೆ ನಾನೇ ಬೇಕಾ? ರಾತ್ರಿ ಹಾಕ್ಕೊಳ್ಳಿ ಅಂತ ಕೊಟ್ಟ ಪ್ಲೇಟು ಬಿಟ್ರೆ, ಅಲ್ಲೇ ಸೀಟಿ ಕಚ್ಚಿದ್ರೆ, ಹಲ್ಲು ತಾನೇ ಹಳೇ ಜಾಗಕ್ಕೆ ಹೋಗ್ತದೆ. ಹುಷಾರು."

ಅವರು ಕೊಟ್ಟ ಎಚ್ಚರಿಕೆಯನ್ನು ಜಟ್ಟಪ್ಪ ಔಷಧಿ ಚೀಟಿಯಂತೆ ಪಾಲಿಸಿದ. ಪ್ಲೇಟು ಟ್ರಂಕಿನ ತಳ ಸೇರಿತು. ಬಸ್ಸಿನಲ್ಲೂ ಸೀಟಿ, ಮನೆಯಲ್ಲಿ ಟಿವಿ ನೋಡುವಾಗಲೂ ಸೀಟಿ. ಮಳೆಗಾಲ ಕಳೆದು ದೀಪಾವಳಿ ಬರುವಷ್ಟರಲ್ಲಿ ಹಲ್ಲು ಹೊರಗೆ ವಾಲಿತು. ಒಂದು ಬೆಳಿಗ್ಗೆ ಪೀಪಿಯ ಆ ಹಳೆಯ ದನಿ ಹೊರಟಾಗ ಅವನ ಕಣ್ಣು ತುಂಬಿತು.

ಅಂದೇ ಡಿಪೋಗೆ ಹೊಸ ಬಸ್ಸು ಬಂದಿತ್ತು. ಜಟ್ಟಪ್ಪ ಹತ್ತಿ, ಸೀಟಿಯನ್ನು ಹಲ್ಲಿಗೆ ಕೊಟ್ಟ.

"ಅದನ್ನ ಕಿಸೇದಾಗ ಇಡ್ರಿ" ಎಂದ ಅಂದಾನಪ್ಪ. "ಕಂಬದ ಮ್ಯಾಲೆ ಕೆಂಪು ಗುಂಡಿ ಐತಿ. ಬೆರಳಿಲೆ ಒತ್ರಿ ಸಾಕು, ನನಗ ಇಲ್ಲಿ ಗಂಟಿ ಕೇಳಸ್ತೈತಿ."

ಸೀಟಿಯಿಲ್ಲದ ಬಸ್ಸಿಗೆ ದ್ಯಾವಮ್ಮ ಈಗ ಚಾದಂಗಡಿಯ ಹೊರಗೆ ನಿಂತು ಕಾಯುತ್ತಾಳೆ. ರಕ್ಷಿತಾಳ ಮದುವೆಯ ಫೋಟೊದಲ್ಲಿ ಜಟ್ಟಪ್ಪನ ಬಾಯಿಗೆ ಟವೆಲ್ ಇದೆ. ಹೋದದ್ದು ಮೂವತ್ತೈದು ಸಾವಿರ ರೂಪಾಯಿ ಮತ್ತು ಒಂದು ಸೀಟಿ. ಉಳಿದದ್ದು ಅದೇ ಹಲ್ಲು.