ವಿರುಪಣ್ಣ ಮಾಸ್ತರರ ಫ್ರೆಂಚು

ಸತ್ತ ಬ್ಯಾಟರಿ ಸೆಲ್ಲು ಒಡೆದು, ಅದರ ಮಸಿಯನ್ನು ಎಲೆಯ ರಸದಲ್ಲಿ ಕಲಸಿ, ವಿರುಪಣ್ಣ ಮಾಸ್ತರರು ಕರಿಹಲಗೆಗೆ ಬಳಿಯುತ್ತಿದ್ದರು. ಮೊಳಕೈವರೆಗೆ ಕರಿ. ಅಷ್ಟರಲ್ಲಿ ಗೋಡೆಯಾಚೆ ಚಹಾದಂಗಡಿಯ ಹಂಪವ್ವನ ತಲೆ ಎದ್ದಿತು.

"ಮಾಸ್ತರ, ಇನ್ಸ್‌ಪೆಕ್ಟರ್ ಸಾಹೇಬ್ರು ಬಸ್ ಇಳದಾರ್ರಿ. ನಮ್ಮ ಅಂಗಡ್ಯಾಗ ಚಾ ಕುಡ್ಯಾಕ ಹತ್ಯಾರ. ನಿಮ್ಮ ಫ್ರೆಂಚ್ ನೋಡಾಕ ಬಂದಾರಂತ."

ಮಾಸ್ತರರ ಕೈಯ ಬಟ್ಟೆ ಕಾಲ ಮೇಲೆ ಬಿತ್ತು.

ತಪ್ಪೆಲ್ಲ ಟ್ರಂಕಾಲಿನದು. ಮಕ್ಕಳು ತಣ್ಣನೆ ನೆಲದ ಮೇಲೆ ಕೂತು ಮೂಗು ಸೋರಿಸುತ್ತಾರೆಂದು ಹೋದ ತಿಂಗಳು ಮಾಸ್ತರರು ಫೋನು ಹಚ್ಚಿ, "ನಮ್ಮ ಸಾಲಿಗಿ ಬೆಂಚ್ ಬೇಕ್ರಿ" ಎಂದು ಕೂಗಿದ್ದರು. ತಂತಿಯೊಳಗೆ ಕಡಲೆ ಹುರಿದಂತೆ ಸದ್ದು.

"ಏನು, ಫ್ರೆಂಚಾ?" ಎಂದು ಆ ಕಡೆಯಿಂದ ಇನ್ಸ್‌ಪೆಕ್ಟರ್ ಗವಿಸಿದ್ದಪ್ಪನವರು ಕೇಳಿದರು.

"ಹೌದ್ರಿ, ಬೆಂಚ್! ಎಲ್ಲಾ ಹುಡುಗ್ರಿಗೂ ಬೇಕ್ರಿ!"

ಆನೆಗೊಂದಿಯ ಮಗ್ಗುಲಿನ ಆ ಹಳ್ಳಿಯಲ್ಲಿ ಪರದೇಶದವರು ಹೊಳೆ ದಾಟಲು ಶುರುಮಾಡಿದ್ದ ಕಾಲವದು. ಸಾಹೇಬರಿಗೆ ಇದು ಭಾರೀ ಹೊಸ ವಿಚಾರವಾಗಿ ಕಂಡಿತು. ಫ್ರೆಂಚ್ ಕಲಿಸಲು ಅಪ್ಪಣೆಯಾಗಿದೆ, ಕೂಡಲೇ ಆರಂಭಿಸಿ ಎಂದು ಹುಕುಂ ಬಂತು.

ನಿಜ ಹೇಳಲು ಮಾಸ್ತರರಿಗೆ ಧೈರ್ಯ ಬರಲಿಲ್ಲ. ಹೆಂಡತಿ ಪಾರ್ವತೆಮ್ಮ ಯಲಬುರ್ಗಾದಲ್ಲಿ ನರ್ಸು. ಅಲ್ಲಿಗೆ ವರ್ಗ ಕೇಳಿ ಬರೆದ ಕಾಗದ ಮೂರು ವರ್ಷದಿಂದ ಸಾಹೇಬರ ಸಹಿಗೆ ಕಾಯುತ್ತ ಅವರ ಚೀಲದಲ್ಲೇ ಮಲಗಿತ್ತು. ಹೋದ ಹಬ್ಬಕ್ಕೆ ಮನೆಗೆ ಹೋದಾಗ ಪುಟ್ಟ ಮಗಳು ಬಾಗಿಲಲ್ಲಿ ನಿಂತು, "ಅವ್ವಾ, ಯಾರೋ ಮಾಸ್ತರು ಬಂದಾರ ನೋಡು" ಎಂದು ಕೂಗಿದ್ದಳು. ಅವತ್ತು ಬಡಿಸಿದ ಹೋಳಿಗೆ ಎಲೆಯಲ್ಲೇ ಉಳಿದಿತ್ತು. ಈಗ ಸಾಹೇಬರನ್ನು ನಗೆಗೀಡು ಮಾಡಿದರೆ ಆ ಕಾಗದದ ಗತಿಯೇನು?

"ಹಿಂಗ್ಯಾಕ ಹೆಣದಂಗ ನಿಂತೀರಿ?" ಎಂದಳು ಹಂಪವ್ವ. "ಹರಗೋಲು ಹಾಕೋ ಶಫೀಸಾಬ ಫ್ರೆಂಚಿನವ್ರನ್ನ ದಿನಾ ದಾಟಸ್ತಾನ. ಅವನ್ನ ಕಳಸ್ತೀನಿ. ಸಾಹೇಬ್ರಿಗಿ ಬಿಸಿ ಮಿರ್ಚಿ ಕೊಟ್ಟು ಕೂಡಸ್ತೀನಿ."

ಶಫೀಸಾಬ ಒದ್ದೆ ಲುಂಗಿಯಲ್ಲೇ ಓಡಿ ಬಂದ. "ನಾ ಬಾಡಿಗಿ ಹೇಳಿದ ಕೂಡ್ಲೆ 'ತ್ರೋ ಶೇರ್' ಅಂತಾರ್ರಿ. ಅದು ನಮಸ್ಕಾರ. ಹರಗೋಲು ಗಿರಕಿ ಹೊಡದ್ರ 'ಮೊಂ ದ್ಯೂ' ಅಂತಾರ. ಅದು ಭಾಳ ಛಲೋ ಅಂತ."

"ಖರೇನ ಏನೋ?"

"ಕಣ್ಣು ಮುಚ್ಚಿ ಅಂತಾರ್ರಿ, ಅಷ್ಟು ಖುಷಿ!"

ಬಾಡಿಗೆ ಹೆಚ್ಚಾಯಿತೆಂದೂ ದೇವರೇ ಗತಿಯೆಂದೂ ಅವರು ಗೋಳಿಡುತ್ತಿದ್ದರೆಂದು ಪಾಪ, ಶಫೀಸಾಬನಿಗೆ ಹೇಗೆ ತಿಳಿಯಬೇಕು!

ಮಾಸ್ತರರು ಆ ಎರಡು ಮಾತನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಸಾಹೇಬರು ಹೊಸಲು ದಾಟಿದ್ದೇ ಮಕ್ಕಳೆಲ್ಲ ಎದ್ದು "ತ್ರೋ ಶೇರ್!" ಎಂದು ಚೀರಿದರು. ಸಾಹೇಬರು ಹಿಗ್ಗಿ ಕೈಮುಗಿದು, ಕಿಸೆಯಿಂದ ಪುಟ್ಟ ಪುಸ್ತಕ ತೆಗೆದರು.

"ರಾಯಚೂರಿನಿಂದ ತರಿಸೀನ್ರಿ. ಫ್ರೆಂಚಿನ್ಯಾಗ ನೀರಿಗಿ ಏನಂತಾರ? ಯಾರು ಹೇಳ್ತೀರಿ?"

ಮಕ್ಕಳು ನೆಲ ನೋಡಿದರು. ಎಲ್ಲ ಮುಗಿಯಿತೆಂದುಕೊಂಡ ಮಾಸ್ತರರಿಗೆ ಮೂಲೆಯಲ್ಲಿ ತೂಕಡಿಸುತ್ತಿದ್ದ ಹುಡುಗಿ ಕಂಡಳು. ಅದೊಂದು ಅವಮಾನವಾದರೂ ತಪ್ಪಲಿ ಎಂದು ಕರೆದರು, "ಹುಲಗಮ್ಮಾ!"

"ಓ!" ಎಂದಳು ಹುಡುಗಿ ನಿದ್ದೆಗಣ್ಣಲ್ಲೇ.

ಸಾಹೇಬರು ಪುಸ್ತಕ ನೋಡಿದರು. ಹುಲಗಮ್ಮನನ್ನು ನೋಡಿದರು. ಮತ್ತೆ ಪುಸ್ತಕ ನೋಡಿದರು.

"ಬರೋಬ್ಬರಿ! ನೀರಂದ್ರ ಓ! ನಿದ್ದಿಯೊಳಗ ಎಬ್ಬಿಸಿ ಕೇಳಿದ್ರೂ ಹೇಳ್ತದಲ್ರಿ ಈ ಕೂಸು!"

"ಮೊಂ ದ್ಯೂ!" ಎಂದ ಕಿಟಕಿಯಲ್ಲಿದ್ದ ಶಫೀಸಾಬ.

ಸಾಹೇಬರು ಅಲ್ಲೇ ಕೂತು, ಚೀಲದಿಂದ ಮಾಸ್ತರರ ಕಾಗದ ತೆಗೆದು, ಅದರಡಿ ನಾಲ್ಕು ಸಾಲು ಗೀಚಿ, ಸಹಿ ಹಾಕಿ, ಲಕೋಟೆಗೆ ಸೇರಿಸಿ ಅಂಟಿಸಿದರು. "ಇಷ್ಟು ದಿನ ಏನ್ ಬರೀಬೇಕು ತಿಳೀವಲ್ದಾಗಿತ್ತು ಮಾಸ್ತರ. ಇವತ್ತು ತಿಳೀತು. ನಡೀರಿ, ಟಪಾಲಿಗಿ ಹಾಕೂಣು."

ಮಾಸ್ತರರು ಮಸಿಗೈಯಲ್ಲೇ ಲಕೋಟೆ ಹಿಡಿದು ನಡೆದರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗೆ ಕಂಡು ಹಂಪವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಂಪು ಡಬ್ಬಿಯ ಬಾಯಿಗೆ ಲಕೋಟೆ ಇಡುವಾಗ ಸಾಹೇಬರು ಬೆನ್ನು ತಟ್ಟಿದರು.

"ಇಡೀ ಜಿಲ್ಲಾಕ್ಕ ಫ್ರೆಂಚ್ ಬಲ್ಲಾವ್ರು ನೀವೊಬ್ರ. ವರ್ಗ ಕೇಳೀರಿ ಅಂತ ಮ್ಯಾಲಿನವ್ರು ಕಳಿಸಿಗಿಳಿಸ್ಯಾರು! ರಿಟೈರ್ ಆಗೂತನಕ ಇವ್ರನ್ನ ಈ ಸಾಲಿ ಬಿಟ್ಟು ಕದಲಿಸಬಾರದು ಅಂತ ಖಡಕ್ಕಾಗಿ ಬರದೀನಿ. ಹೆಂಡ್ತಿ ಮಗಳು ರಜಾದಾಗ ಬರ್ಲಿ ಬಿಡ್ರಿ, ಹೊಳಿ ನೋಡಿದಂಗೂ ಆಕೈತಿ."

ಲಕೋಟೆ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತು. ಮಾಸ್ತರರು ಬಾಯಿ ತೆರೆದರು. ಕನ್ನಡವೂ ಬರಲಿಲ್ಲ.

"ನೋಡ್ರಿ, ಖುಷಿಗಿ ಲಕೋಟಿ ಬಿಡಾಕ ಮನಸ ಬರವಲ್ದು!" ಎಂದು ಸಾಹೇಬರು ಕನಿಕರದಿಂದ ಒಂದೇ ಬೆರಳಲ್ಲಿ ಅದನ್ನು ಒಳಗೆ ದೂಡಿದರು. ಖಾಲಿ ಡಬ್ಬಿಯ ತಳಕ್ಕೆ ಅದು ಟಪ್ಪೆಂದು ಬಿತ್ತು.